ಗೇರ್ ಬದಲಾವಣೆಯ ಪೇಟೆಂಟ್ ಅರ್ಜಿಗಳನ್ನು ಪರಿಶೀಲಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪರೀಕ್ಷಕರೇ,

ಇವತ್ತಲ್ಲ ನಾಳೆ ನಿಮ್ಮ ಮೇಜಿಗೆ ಒಂದು ಅರ್ಜಿ ಬರುತ್ತದೆ. ಬೈಕಿನಲ್ಲಿ ಗೇರ್ ಬದಲಿಸುವ ಒಂದು ವ್ಯವಸ್ಥೆ. ವರ್ಗೀಕರಣದ ಜಾಗದಲ್ಲಿ ಎಫ್16ಎಚ್ 63 ಎಂದಿರುತ್ತದೆ. ಚಿತ್ರದಲ್ಲಿ ಒಂದು ಲಿವರ್, ಒಂದು ಶಾಫ್ಟ್, ಒಂದು ಡ್ರಮ್, ಮೂರು ಫೋರ್ಕ್, ಒಂದೆರಡು ಸ್ಪ್ರಿಂಗ್. ಇವುಗಳಲ್ಲಿ ನೀವು ಹಿಂದೆ ಕಂಡಿರದ ವಸ್ತು ಒಂದೂ ಇರುವುದಿಲ್ಲ. ಆ ಅರ್ಜಿಯನ್ನು ಹೇಗೆ ಓದಬೇಕೆಂದು ನಿಮ್ಮಲ್ಲಿ ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಮೈಸೂರಿನವನು. ಗೇರ್ ಬಾಕ್ಸ್ ಬಿಚ್ಚಿ ಕೂಡಿಸುವುದನ್ನು ಹುಡುಗರಿಗೆ ಕಲಿಸುತ್ತಾ ಬಂದವನು. ಸಣ್ಣ ವರ್ಕ್‌ಶಾಪಿನವರು ತಮ್ಮ ಕೈಯಲ್ಲಿ ಹುಟ್ಟಿದ್ದನ್ನು ಅರ್ಜಿಯ ಭಾಷೆಗೆ ತರಲು ಹೆಣಗುವಾಗ ಅವರ ಪಕ್ಕ ಕೂತು ಓದುತ್ತೇನೆ. ಹೀಗಾಗಿ ಕಬ್ಬಿಣ ಮತ್ತು ಕಾಗದ ಎರಡೂ ಕಡೆಯ ಕಷ್ಟ ನನಗೆ ಗೊತ್ತು. ನಿಮ್ಮ ಕಷ್ಟವೂ ಸ್ವಲ್ಪ ಗೊತ್ತು. ಅರ್ಜಿ ನಿಮಗೆ ಒಪ್ಪಿಸಿದ ದಿನದಿಂದ ಸಾಮಾನ್ಯವಾಗಿ ಒಂದು ತಿಂಗಳಲ್ಲಿ, ಹೆಚ್ಚೆಂದರೆ ಮೂರು ತಿಂಗಳಲ್ಲಿ ವರದಿ ಕೊಡಬೇಕೆಂದು ನಿಯಮ ಹೇಳುತ್ತದೆ. ಆ ಅವಧಿಯಲ್ಲಿ ನೀವು ಓದಬೇಕಾದ ಯಂತ್ರ ಇದೊಂದೇ ಆಗಿರುವುದಿಲ್ಲ.

ಆದರೂ ಕೇಳುತ್ತಿದ್ದೇನೆ, ಏಕೆಂದರೆ ಗೇರ್ ಬದಲಾವಣೆಯ ಯಂತ್ರಕ್ಕೆ ಉಳಿದ ಯಂತ್ರಗಳಿಗಿಲ್ಲದ ಒಂದು ಗುಣವಿದೆ. ಬೈಕಿನ ಗೇರ್ ಬಾಕ್ಸಿನಲ್ಲಿ ಜೋಡಿ ಗೇರುಗಳೆಲ್ಲ ಸದಾ ಹಲ್ಲು ಕೂಡಿಕೊಂಡೇ ಇರುತ್ತವೆ. ಸವಾರ ಕಾಲಿನಿಂದ ಒತ್ತಿದಾಗ ಬದಲಾಗುವುದು ಯಾವ ಗೇರು ಶಾಫ್ಟಿಗೆ ಕಚ್ಚಿಕೊಳ್ಳಬೇಕು ಎಂಬುದಷ್ಟೇ. ಲಿವರ್ ಒತ್ತಿದರೆ ಅದರ ಶಾಫ್ಟಿನ ತುದಿಯ ಕೊಕ್ಕೆ ಡ್ರಮ್ಮನ್ನು ಒಂದೇ ಒಂದು ಹೆಜ್ಜೆ ತಿರುಗಿಸುತ್ತದೆ. ಡ್ರಮ್ಮಿನ ಮೈಯಲ್ಲಿ ಕೊರೆದ ತೋಡಿನೊಳಗೆ ಫೋರ್ಕಿನ ಪಿನ್ನು ಸಾಗುತ್ತದೆ. ಫೋರ್ಕು ಒಂದು ಗೇರನ್ನು ಪಕ್ಕಕ್ಕೆ ಸರಿಸುತ್ತದೆ. ಆ ಗೇರಿನ ಮುಖದ ಮೇಲಿನ ಗಟ್ಟಿ ಉಬ್ಬುಗಳು, ವರ್ಕ್‌ಶಾಪಿನವರು ಡಾಗ್ ಅನ್ನುವವು, ಪಕ್ಕದ ಗೇರಿನ ಕಿಂಡಿಗಳಲ್ಲಿ ಹೋಗಿ ಕೂರುತ್ತವೆ. ಅಷ್ಟರಲ್ಲಿ ಡ್ರಮ್ಮಿನ ತುದಿಯ ನಕ್ಷತ್ರಾಕಾರದ ತಟ್ಟೆಯ ತಗ್ಗಿನಲ್ಲಿ ಒಂದು ಸಣ್ಣ ರೋಲರ್ ಬಿದ್ದು ಡ್ರಮ್ಮನ್ನು ಅಲ್ಲಿಯೇ ಹಿಡಿದು ನಿಲ್ಲಿಸುತ್ತದೆ. ಲಿವರ್ ಸ್ಪ್ರಿಂಗಿನ ಎಳೆತಕ್ಕೆ ತನ್ನ ಜಾಗಕ್ಕೆ ಮರಳುತ್ತದೆ, ಮುಂದಿನ ಒತ್ತುವಿಕೆಗೆ ಸಿದ್ಧವಾಗುತ್ತದೆ.

ಇಷ್ಟೆಲ್ಲ ಆಗುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ರೋಲರ್ ಬೀಳುವುದು ತುಸು ತಡವಾದರೆ ಡ್ರಮ್ಮು ಮುಂದಕ್ಕೆ ಜಾರಿ ಎರಡು ಗೇರಿನ ನಡುವೆ ನಿಲ್ಲುತ್ತದೆ, ಸವಾರನಿಗೆ ಸಿಗುವುದು ಫಾಲ್ಸ್ ನ್ಯೂಟ್ರಲ್. ಡಾಗಿನ ಅಂಚು ಕೆಲವೇ ಡಿಗ್ರಿ ಒಳಮುಖವಾಗಿ ಇಳಿಜಾರಾಗಿದ್ದರೆ ಎಳೆತ ಹೆಚ್ಚಾದಷ್ಟೂ ಎರಡು ಗೇರು ಒಂದನ್ನೊಂದು ಬಿಗಿಯಾಗಿ ಸೆಳೆದುಕೊಳ್ಳುತ್ತವೆ. ಅದೇ ಅಂಚು ಸವೆದು ದುಂಡಗಾದರೆ ಗೇರು ತಾನಾಗಿ ಜಾರಿ ಬೀಳುತ್ತದೆ. ಎರಡು ಗೇರು ಒಟ್ಟಿಗೆ ಕಚ್ಚಿಕೊಂಡರೆ ಇಡೀ ಬಾಕ್ಸ್ ಹಿಡಿದುಕೊಂಡು ಹಿಂದಿನ ಚಕ್ರ ನಿಂತುಬಿಡುತ್ತದೆ. ಹೆದ್ದಾರಿಯಲ್ಲಿ ಹಾಗಾದರೆ ಪ್ರಾಣ ಹೋಗುತ್ತದೆ. ಆದ್ದರಿಂದ ಇಲ್ಲಿ ಭಾಗಗಳ ಪಟ್ಟಿ ಓದಿದರೆ ಏನೂ ತಿಳಿಯುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಯಾವುದನ್ನು ತಡೆಯುತ್ತದೆ, ಯಾವುದು ಯಾವುದಕ್ಕಾಗಿ ಕಾಯುತ್ತದೆ ಎಂಬುದರಲ್ಲಿ ಆವಿಷ್ಕಾರವೆಲ್ಲ ಅಡಗಿರುತ್ತದೆ.

ಇತಿಹಾಸ ಇದಕ್ಕೆ ಸಾಕ್ಷಿ. 1928ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಸಿಂಕ್ರೋಮೆಶ್ ಬಂತು. ಅದನ್ನು ರೂಪಿಸಿದವರು ಅರ್ಲ್ ಥಾಂಪ್ಸನ್. ಅಲ್ಲಿಯವರೆಗೆ ಗೇರ್ ಬದಲಿಸಬೇಕಾದರೆ ಚಾಲಕ ಕ್ಲಚ್ಚನ್ನು ಎರಡು ಸಲ ಒತ್ತಿ, ನಡುವೆ ಎಂಜಿನ್ ವೇಗವನ್ನು ಅಂದಾಜಿನಲ್ಲಿ ಹೊಂದಿಸಿಕೊಳ್ಳಬೇಕಿತ್ತು. ತಪ್ಪಿದರೆ ಹಲ್ಲುಗಳು ಕರಕರ ಉಜ್ಜುತ್ತಿದ್ದವು. ಶಂಕುವಿನಾಕಾರದ ಘರ್ಷಣೆಯ ಕ್ಲಚ್ ಆಗಲೇ ಎಲ್ಲರಿಗೂ ಗೊತ್ತಿದ್ದ ವಸ್ತು. ಹಲ್ಲಿನ ಕ್ಲಚ್ಚೂ ಹಳೆಯದೇ. ಮೊದಲು ಶಂಕು ಉಜ್ಜಿ ಎರಡೂ ಕಡೆಯ ವೇಗ ಸಮವಾಗಲಿ, ಆಮೇಲೆ ಹಲ್ಲು ಕೂಡಲಿ ಎಂಬ ಕ್ರಮವನ್ನು ಲೋಹದಲ್ಲಿ ಮೂಡಿಸಿದ್ದು ಹೊಸದು. ಭಾಗಗಳ ಪಟ್ಟಿ ಮಾಡಿ ಪಕ್ಕದಲ್ಲಿ ಹಳೆಯದು ಎಂದು ಗುರುತು ಹಾಕುತ್ತಾ ಹೋಗಿದ್ದರೆ ಇಪ್ಪತ್ತನೇ ಶತಮಾನದ ಈ ಮಹತ್ವದ ಶೋಧ ಕೈತಪ್ಪುತ್ತಿತ್ತು.

ನಮ್ಮ ಊರಿನದೇ ಇನ್ನೊಂದು ಉದಾಹರಣೆ ಕೊಡುತ್ತೇನೆ. 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ ಬೈಕುಗಳು ತಯಾರಾದವು. 1973ರಿಂದ ಅವು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ಬೈಕಿನ ಎಡಗಡೆ ಒಂದೇ ಲಿವರ್. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ ಹೊಡೆಯಬಹುದು, ಕೆಳಗಿಳಿಸಿದರೆ ಗೇರ್ ಹಾಕಬಹುದು. ಜೊತೆಗೆ ಗೇರ್ ಹಾಕಲು ಲಿವರ್ ಒತ್ತಿದ ಕೂಡಲೇ ಕ್ಲಚ್ ತಾನಾಗಿ ಬಿಡುತ್ತದೆ. ನಿಂತ ಗಾಡಿಯನ್ನು ಎಬ್ಬಿಸುವಾಗ ಬಿಟ್ಟರೆ ಕೈಯಲ್ಲಿ ಕ್ಲಚ್ ಹಿಡಿಯದೆಯೇ ಗೇರ್ ಬದಲಿಸಬಹುದಿತ್ತು. ಇವತ್ತಿಗೂ ಮೈಸೂರಿನ ಹಳೆಯ ಗರಾಜುಗಳಲ್ಲಿ ಆ ಬಾಕ್ಸನ್ನು ಕಣ್ಣು ಮುಚ್ಚಿ ಬಿಚ್ಚುವವರಿದ್ದಾರೆ.

ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಎಫ್) ಕಲಿಸಲು ಈ ಲಿವರಿಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ತಿಳಿದಿರುವ ಸಾಧನಗಳನ್ನು ಬರಿದೇ ಜೋಡಿಸಿಟ್ಟರೆ, ಮರುಜೋಡಿಸಿದರೆ, ಅಥವಾ ಒಂದರಂತೆ ಇನ್ನೊಂದು ಇಟ್ಟರೆ, ಪ್ರತಿಯೊಂದೂ ತನ್ನ ಪಾಡಿಗೆ ತಾನು ತಿಳಿದ ರೀತಿಯಲ್ಲೇ ಕೆಲಸ ಮಾಡುತ್ತಿದ್ದರೆ, ಅದು ಆವಿಷ್ಕಾರವಲ್ಲ ಎನ್ನುತ್ತದೆ ಆ ಕಲಮು. ಇದೇ ತತ್ವವನ್ನು 1890ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಮ್ಸ್ ವಿರುದ್ಧ ನೈ ಪ್ರಕರಣದಲ್ಲಿ ಕಾಣಬಹುದು. ಮಾಂಸ ಕೊಚ್ಚುವ ಯಂತ್ರವನ್ನೂ ಸಾಸೇಜಿಗೆ ತುಂಬುವ ಯಂತ್ರವನ್ನೂ ಒಂದಾಗಿ ಕೂಡಿಸಿ ಪೇಟೆಂಟ್ ಪಡೆದಿದ್ದರು. ಎರಡೂ ಒಂದೇ ಚೌಕಟ್ಟಿನಲ್ಲಿದ್ದರೂ ಪ್ರತಿಯೊಂದೂ ತನ್ನ ಹಳೆಯ ಕೆಲಸವನ್ನೇ ಮಾಡುತ್ತಿತ್ತು, ಪೇಟೆಂಟ್ ನಿಲ್ಲಲಿಲ್ಲ.

ಈಗ ಯೆಜ್ಡಿಯ ಲಿವರನ್ನು ಈ ಕಣ್ಣಿನಿಂದ ನೋಡಿ. ಕಿಕ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್ ಎಂದಷ್ಟೇ ಕ್ಲೇಮು ಬರೆದರೆ, ಅದು ಜೋಡಣೆ ಎಂದು ನೀವು ಹೇಳುವುದರಲ್ಲಿ ನ್ಯಾಯವಿದೆ. ಕಿಕ್ ಹೊಡೆಯುವಾಗ ಗೇರು ಕೆಲಸ ಮಾಡುವುದಿಲ್ಲ, ಗೇರ್ ಹಾಕುವಾಗ ಕಿಕ್ ಕೆಲಸ ಮಾಡುವುದಿಲ್ಲ. ಆದರೆ ಕಿಕ್ ಹೊಡೆಯುವ ರಭಸಕ್ಕೆ ಗೇರು ಬೀಳದಂತೆ ಲಿವರನ್ನು ಒಳಕ್ಕೆ ಒತ್ತಿದಾಗಲೇ ಗೇರಿನ ಸಂಪರ್ಕ ಕಡಿಯುವ ಬಗೆಯನ್ನು ಕ್ಲೇಮಿನಲ್ಲಿ ಬರೆದಿದ್ದರೆ, ಅಲ್ಲಿ ಒಂದು ಭಾಗ ಇನ್ನೊಂದರ ಸ್ಥಿತಿಯನ್ನು ನಿರ್ಧರಿಸುತ್ತಿದೆ. ಇನ್ನು ಲಿವರಿನ ಚಲನೆಯೇ ಮೊದಲು ಕ್ಲಚ್ ಬಿಡಿಸಿ ಆಮೇಲೆ ಡ್ರಮ್ ತಿರುಗಿಸುವ ಭಾಗವಂತೂ 3(ಎಫ್) ಹತ್ತಿರಕ್ಕೂ ಸುಳಿಯುವುದಿಲ್ಲ. ಅಲ್ಲಿ ಯಾವುದೂ ತನ್ನ ಪಾಡಿಗೆ ತಾನಿಲ್ಲ. ಒಂದೇ ಲಿವರ್, ಮೂರು ಬಗೆಯ ಕ್ಲೇಮು, ಮೂರು ಬೇರೆ ಬೇರೆ ಉತ್ತರ. ಲಿವರಿನ ಚಿತ್ರ ಮಾತ್ರ ನೋಡಿದವರಿಗೆ ಮೂರೂ ಒಂದೇ ಆಗಿ ಕಾಣುತ್ತದೆ.

ಇದು ಪುಸ್ತಕದ ಲೆಕ್ಕವಾಗಿಯೇ ಉಳಿಯಬಾರದೆಂದು ಒಂದು ಕಲ್ಪಿತ ಅರ್ಜಿಯನ್ನು ನಿಮ್ಮ ಮುಂದಿಡುತ್ತೇನೆ. ಎಡಗಾಲು ಕಳೆದುಕೊಂಡ ಒಬ್ಬರು ಬೈಕ್ ಓಡಿಸಬೇಕೆನ್ನುತ್ತಾರೆ ಎಂದುಕೊಳ್ಳಿ. ಮೆಕ್ಯಾನಿಕ್ ಒಬ್ಬ ಹ್ಯಾಂಡಲ್ಲಿಗೆ ಒಂದು ಲಿವರ್ ಕೂಡಿಸುತ್ತಾನೆ. ಅದರ ಚಲನೆಯ ಮೊದಲ ಅರ್ಧ ಕೇಬಲ್ ಎಳೆದು ಕ್ಲಚ್ ಬಿಡಿಸುತ್ತದೆ, ಉಳಿದರ್ಧ ಇನ್ನೊಂದು ಕೇಬಲ್ಲಿನಿಂದ ಡ್ರಮ್ ತಿರುಗಿಸುತ್ತದೆ. ಕೆಲವು ತಿಂಗಳು ಸರಿಯಾಗಿ ನಡೆಯುತ್ತದೆ. ಆಮೇಲೆ ಕ್ಲಚ್ ಕೇಬಲ್ ಹಿಗ್ಗುತ್ತದೆ. ಲಿವರ್ ಅರ್ಧ ದಾಟಿದರೂ ಕ್ಲಚ್ ಪೂರ್ತಿ ಬಿಟ್ಟಿರುವುದಿಲ್ಲ, ಡ್ರಮ್ ಮಾತ್ರ ತಿರುಗಲು ಹೊರಡುತ್ತದೆ, ಡಾಗುಗಳು ಬಡಿದಾಡುತ್ತವೆ. ಮೆಕ್ಯಾನಿಕ್ ಯೋಚಿಸಿ, ಎಂಜಿನ್ ಬದಿಯಲ್ಲಿ ಕ್ಲಚ್ಚಿನ ತೋಳಿನ ಹತ್ತಿರವೇ ಒಂದು ಪಿನ್ನು ಮತ್ತು ತೋಡಿನ ತಟ್ಟೆ ಇಡುತ್ತಾನೆ. ಕ್ಲಚ್ಚಿನ ತೋಳು ನಿಜವಾಗಿಯೂ ಬಿಟ್ಟ ಸ್ಥಿತಿಗೆ ಬರುವವರೆಗೆ ಡ್ರಮ್ಮಿನ ಕೊಕ್ಕೆ ಮುಂದೆ ಸಾಗಲಾರದು. ಕೇಬಲ್ ಎಷ್ಟೇ ಹಿಗ್ಗಲಿ, ಕ್ರಮ ತಪ್ಪುವುದಿಲ್ಲ.

ಈ ಅರ್ಜಿಗೆ ಎದುರಾಗಿ ದಾಖಲೆ ಹುಡುಕಿದರೆ ಡಿ1 ಆಗಿ ಕ್ಲಚ್ ಬಿಡಿಸುವ ಕಾಲಿನ ಲಿವರ್ ಸಿಗುತ್ತದೆ. ಡಿ2 ಆಗಿ ಕೈಯಿಂದ ಗೇರ್ ಹಾಕುವ ಕೇಬಲ್ ವ್ಯವಸ್ಥೆ ಸಿಗುತ್ತದೆ, ಹಳೆಯ ಬಜಾಜ್ ಸ್ಕೂಟರಿನ ಹ್ಯಾಂಡಲ್ ಗೇರನ್ನೇ ನೆನೆಸಿಕೊಳ್ಳಿ. ಡಿ3 ಆಗಿ ಎರಡು ಗೇರು ಒಟ್ಟಿಗೆ ಬೀಳದಂತೆ ತಡೆಯುವ ಯಾವುದೋ ಪಿನ್ನು. ಮೂರನ್ನೂ ಕೂಡಿಸಿದರೆ ಈ ಅರ್ಜಿ ಆಯಿತು ಎಂದು ಬರೆದುಬಿಡುವುದು ಬಹಳ ಸುಲಭ. ಉತ್ತರ ಗೊತ್ತಾದ ಮೇಲೆ ಒಗಟು ಎಲ್ಲರಿಗೂ ಸಲೀಸು. ನಾನು ನಿಮ್ಮನ್ನು ಕೇಳುವುದು ಇಷ್ಟು: ಡಿ3ರ ಪಿನ್ನು ಎರಡು ಗೇರುಗಳ ನಡುವೆ ಇದೆ, ಅದನ್ನು ಕ್ಲಚ್ಚಿಗೂ ಡ್ರಮ್ಮಿಗೂ ನಡುವೆ ತರಬೇಕೆಂದು ಆ ದಿನದ ಕುಶಲ ಕೆಲಸಗಾರನಿಗೆ ಯಾವ ದಾಖಲೆ ಹೇಳುತ್ತಿತ್ತು? ಕೇಬಲ್ ಹಿಗ್ಗುವುದೇ ನಿಜವಾದ ರೋಗ ಎಂದು ಯಾವ ದಾಖಲೆ ಗುರುತಿಸಿತ್ತು? ಒಂದು ವೇಳೆ ಅದು ಯಾರಿಗಾದರೂ ಹೊಳೆಯುವಂಥದ್ದೇ ಎಂದು ನಿಮಗೆ ತೋರಿದರೆ, ಹೇಗೆ ಎಂಬುದನ್ನು ಬರೆಯಿರಿ. ಆ ಒಂದು ಪ್ಯಾರಾಗಾಗಿಯೇ ಅರ್ಜಿದಾರ ಕಾಯುತ್ತಿರುತ್ತಾನೆ.

ಇದು ನನ್ನ ಬಯಕೆ ಮಾತ್ರವಲ್ಲ. ಅಗ್ರಿಬೋರ್ಡ್ ಇಂಟರ್‌ನ್ಯಾಷನಲ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2022ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಆವಿಷ್ಕಾರದ ಹೆಜ್ಜೆ ಇಲ್ಲ ಎಂದು ಅರ್ಜಿ ತಿರಸ್ಕರಿಸಬೇಕಾದರೆ ಹಿಂದಿನ ದಾಖಲೆಯಲ್ಲಿ ಏನಿದೆ, ಅರ್ಜಿಯಲ್ಲಿ ಏನಿದೆ, ಮೊದಲನೆಯದರಿಂದ ಎರಡನೆಯದು ಕುಶಲನಾದವನಿಗೆ ಹೇಗೆ ಹೊಳೆಯುತ್ತಿತ್ತು ಎಂಬ ಮೂರನ್ನೂ ಆದೇಶದಲ್ಲಿ ಚರ್ಚಿಸಬೇಕು. ಅಂತಿಮ ಆದೇಶ ಬರೆಯುವವರು ಕಂಟ್ರೋಲರ್, ನಿಜ. ಆದರೆ ಆ ಆದೇಶದ ಬೀಜ ಸೆಕ್ಷನ್ 12ರ ಕೆಳಗೆ ನೀವು ಬರೆಯುವ ವರದಿಯಲ್ಲಿದೆ. ವರದಿಯಲ್ಲಿ ತರ್ಕವಿಲ್ಲದಿದ್ದರೆ ಆದೇಶದಲ್ಲಿ ಅದು ಹೊಸದಾಗಿ ಹುಟ್ಟುವುದು ಕಷ್ಟ.

ಹಾಗೆಂದು ಪೇಟೆಂಟನ್ನು ಧಾರಾಳವಾಗಿ ಕೊಡಿ ಎಂದು ನಾನು ಕೇಳುತ್ತಿಲ್ಲ. ಗೇರ್ ಬಾಕ್ಸಿನ ಲೋಕದಲ್ಲಿ ಕೆಟ್ಟ ಪೇಟೆಂಟು ಒಳ್ಳೆಯ ಪೇಟೆಂಟಿನ ನಿರಾಕರಣೆಯಷ್ಟೇ ಹಾನಿ ಮಾಡುತ್ತದೆ, ಮತ್ತು ಆ ಹಾನಿ ಬೀಳುವುದೂ ಅದೇ ಸಣ್ಣ ವರ್ಕ್‌ಶಾಪಿನ ಮೇಲೆ. 1978ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಪ್ರಕರಣ ಲೋಹದ ಪಾತ್ರೆಯನ್ನು ಲೇತಿನಲ್ಲಿ ಹಿಡಿದು ಕಡೆಯುವ ಸಾಧನದ್ದು. ಲೇತಿನಲ್ಲಿ ಮೊದಲೇ ಇದ್ದುದನ್ನು ತುಸು ಹೊಂದಿಸಿಕೊಂಡಿದ್ದಕ್ಕಿಂತ ಹೆಚ್ಚೇನೂ ಅಲ್ಲಿರಲಿಲ್ಲ, ಅದು ಕಾರ್ಯಾಗಾರದ ಸುಧಾರಣೆ ಮಾತ್ರ ಎಂದು ಕೋರ್ಟು ಪೇಟೆಂಟನ್ನು ತೆಗೆದುಹಾಕಿತು. ನಾನು ಆ ತೀರ್ಪಿನ ಪಕ್ಷ. ದಿನವೂ ಕೆಲಸ ಮಾಡುವ ಕೈ ಸಹಜವಾಗಿ ಮಾಡಿಕೊಳ್ಳುವ ಹೊಂದಾಣಿಕೆಗೆ ಯಾರೂ ಬೇಲಿ ಹಾಕಬಾರದು.

ಅಮೆರಿಕದಲ್ಲೂ ಇದೇ ಪ್ರಶ್ನೆ ಗಾಡಿಯ ಪೆಡಲ್ಲಿನ ಮೇಲೆ ಬಂತು. ಮುಂದೆ ಹಿಂದೆ ಸರಿಸಬಹುದಾದ ಪೆಡಲಿಗೆ ಎಲೆಕ್ಟ್ರಾನಿಕ್ ಸೆನ್ಸರ್ ಕೂಡಿಸಿದ ಕ್ಲೇಮು ಅದು. ಕೆಎಸ್ಆರ್ ವಿರುದ್ಧ ಟೆಲಿಫ್ಲೆಕ್ಸ್ ಪ್ರಕರಣದಲ್ಲಿ 2007ರ ಏಪ್ರಿಲಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಮ್ಮತದಿಂದ ಆ ಕ್ಲೇಮನ್ನು ತಳ್ಳಿಹಾಕಿತು. ಆದರೆ ತಳ್ಳಿಹಾಕಿದ ರೀತಿ ನೋಡಿ. ಆಗಲೇ ಇದ್ದ ಅಸಾನೋ ಪೆಡಲಿನಲ್ಲಿ ಒಂದು ಸ್ಥಿರವಾದ ತಿರುಗುಬಿಂದು ಇತ್ತು. ಸೆನ್ಸರನ್ನು ಅಲುಗಾಡದ ಜಾಗದಲ್ಲಿ ಇಟ್ಟರೆ ತಂತಿ ಸವೆಯುವುದಿಲ್ಲ ಎಂಬುದು ಆ ಕಸುಬಿನವರಿಗೆ ಗೊತ್ತಿತ್ತು. ಹಾಗಾದರೆ ಅದನ್ನು ಅಲ್ಲಿಡುವುದು ಯಾರಿಗಾದರೂ ಹೊಳೆಯುವ ಮುಂದಿನ ಹೆಜ್ಜೆ. ಈ ತರ್ಕವನ್ನು ಒಪ್ಪದವರೂ ಅದರ ಪ್ರತಿ ಮೆಟ್ಟಿಲನ್ನು ನೋಡಬಹುದು, ಯಾವ ಮೆಟ್ಟಿಲು ಸಡಿಲ ಎಂದು ವಾದಿಸಬಹುದು. ನಿರಾಕರಣೆ ಇಷ್ಟು ಬಿಚ್ಚುಮನಸ್ಸಿನದಾದರೆ ಸೋತವನಿಗೂ ಅದರಿಂದ ಏನಾದರೂ ಸಿಗುತ್ತದೆ.

ಪರೀಕ್ಷೆಯ ಮೇಜಿನ ಮೇಲೆ ಬಗೆಹರಿಯದೆ ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನಾವು ನೋಡಿದ್ದೇವೆ. ಒಂದು ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್ ಇಡುವ ತಂತ್ರದ ಪೇಟೆಂಟಿನ ಮೇಲೆ ಬಜಾಜ್ ಮತ್ತು ಟಿವಿಎಸ್ 2007ರಲ್ಲಿ ಮದ್ರಾಸ್ ಹೈಕೋರ್ಟಿನಲ್ಲಿ ಎದುರಾದವು. 2008ರಲ್ಲಿ ತಡೆಯಾಜ್ಞೆ ಬಂತು, 2009ರಲ್ಲಿ ಅದು ತೆರವಾಯಿತು, ಅದೇ ವರ್ಷ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಬಂತು. ಕೊನೆಗೆ 2019ರಲ್ಲಿ ರಾಜಿಯಾಯಿತು. ಹನ್ನೆರಡು ವರ್ಷ. ದೊಡ್ಡ ಕಂಪನಿಗಳು ಆ ಖರ್ಚನ್ನು ತಾಳಿಕೊಂಡವು. ಪೀಣ್ಯದಲ್ಲೋ ಹೆಬ್ಬಾಳದಲ್ಲೋ ನಾಲ್ಕು ಲೇತ್ ಇಟ್ಟುಕೊಂಡವನು ಮೊದಲ ನೋಟಿಸಿಗೇ ಕೆಲಸ ನಿಲ್ಲಿಸುತ್ತಾನೆ.

ಆದ್ದರಿಂದ ಹಿಂದಿನದನ್ನು ಹುಡುಕುವಾಗ ಡೇಟಾಬೇಸಿನ ಆಚೆಗೂ ಒಮ್ಮೆ ನೋಡಿ ಎಂದು ಬೇಡುತ್ತೇನೆ. ಗೇರ್ ಬದಲಾವಣೆಯ ಎಷ್ಟೋ ಜ್ಞಾನ ಪೇಟೆಂಟ್ ದಾಖಲೆಯಾಗಿಲ್ಲ. ಅದು ಸರ್ವಿಸ್ ಮ್ಯಾನುಯಲ್ಲುಗಳಲ್ಲಿ, ಬಿಡಿಭಾಗಗಳ ಪಟ್ಟಿಗಳಲ್ಲಿ, ಆಟೋ ಗರಾಜುಗಳಲ್ಲಿ, ಅಂಗವಿಕಲರ ಗಾಡಿ ಮಾರ್ಪಡಿಸುವ ಅಂಗಡಿಗಳಲ್ಲಿ ಇದೆ. ಇಂಗ್ಲೆಂಡಿನಲ್ಲಿ ಹಾಯಿ ಕಟ್ಟಿ ನೀರಿನ ಮೇಲೆ ಸಾಗುವ ಹಲಗೆಯ ಪೇಟೆಂಟು ಬಿದ್ದುಹೋಗಲು ಒಂದು ಮುಖ್ಯ ಕಾರಣ, 1958ರಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗ ತಾನೇ ಮಾಡಿಕೊಂಡ ಹಲಗೆಯಲ್ಲಿ ಹೇಲಿಂಗ್ ದ್ವೀಪದ ಬಳಿ ತೇಲಾಡಿದ್ದು. ನಮ್ಮ ಕಾಯ್ದೆಯೂ ಅಂಥದಕ್ಕೆ ಬಾಗಿಲು ತೆರೆದಿಟ್ಟಿದೆ. ಪೇಟೆಂಟ್ ಕೊಡುವ ಮೊದಲೇ ಯಾರು ಬೇಕಾದರೂ ಸೆಕ್ಷನ್ 25(1)ರಲ್ಲಿ ಆಕ್ಷೇಪ ಸಲ್ಲಿಸಬಹುದು, ಭಾರತದಲ್ಲಿ ಇದು ಆಗಲೇ ಜನರ ಬಳಕೆಯಲ್ಲಿತ್ತು ಎಂಬುದು ಅದಕ್ಕೊಂದು ಆಧಾರ. ಆದರೆ ಗರಾಜಿನವನು ಪೇಟೆಂಟ್ ಪತ್ರಿಕೆ ಓದುವುದಿಲ್ಲ, ಓದಲು ಅವನಿಗೆ ಬರುವ ಭಾಷೆಯಲ್ಲಿ ಅದು ಇರುವುದಿಲ್ಲ.

ಭಾಷೆಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಅರ್ಜಿ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಇರಬೇಕು. ಕನ್ನಡದಲ್ಲಿ ಯೋಚಿಸುವ ಮೆಕ್ಯಾನಿಕ್ ತನ್ನ ಯಂತ್ರವನ್ನು ನನ್ನಂಥವನಿಗೆ ವಿವರಿಸುತ್ತಾನೆ, ನಾನು ಏಜೆಂಟಿಗೆ ವಿವರಿಸುತ್ತೇನೆ, ಏಜೆಂಟ್ ಕ್ಲೇಮು ಬರೆಯುತ್ತಾರೆ. ಈ ದಾರಿಯಲ್ಲಿ ಮೊದಲು ಕಳೆದುಹೋಗುವುದೇ ಕ್ರಮ. ಪಿನ್ನು ಉಳಿಯುತ್ತದೆ, ಸ್ಪ್ರಿಂಗ್ ಉಳಿಯುತ್ತದೆ. ಕ್ಲಚ್ ಬಿಟ್ಟ ಮೇಲೆ ಮಾತ್ರ ಎಂಬ ಆ ಜೀವಾಳದ ಮಾತು ವಿವರಣೆಯ ಯಾವುದೋ ಪುಟಕ್ಕೆ ಸರಿದು, ಕ್ಲೇಮಿನಿಂದ ಬಿಟ್ಟುಹೋಗಿರುತ್ತದೆ. ಒಬ್ಬ ವ್ಯಕ್ತಿ ಆನ್‌ಲೈನಿನಲ್ಲಿ ಅರ್ಜಿಗೆ ಕಟ್ಟುವುದು 1,600 ರೂಪಾಯಿ, ಪರೀಕ್ಷೆ ಕೋರಲು 4,000 ರೂಪಾಯಿ. ಸರ್ಕಾರ ಆ ಶುಲ್ಕವನ್ನು ಕೈಗೆಟುಕುವಂತೆ ಇಟ್ಟಿದೆ, ಅದಕ್ಕೆ ಕೃತಜ್ಞತೆ ಇದೆ. ದುಬಾರಿಯಾಗಿರುವುದು ತನ್ನ ಮಾತನ್ನು ಸರಿಯಾಗಿ ಬರೆಸಿಕೊಳ್ಳುವುದು. ವಿವರಣೆಯಲ್ಲಿ ಕ್ರಮ ಇದೆ, ಕ್ಲೇಮಿನಲ್ಲಿ ಇಲ್ಲ ಎಂದು ನಿಮಗೆ ಕಂಡರೆ ಮೊದಲ ವರದಿಯಲ್ಲೇ ಅದನ್ನು ಸೂಚಿಸಿ. ಉತ್ತರಕ್ಕೆ ಆರು ತಿಂಗಳು ಇರುತ್ತದೆ, ಕೇಳಿಕೊಂಡರೆ ಇನ್ನೂ ಮೂರು. ಮೊದಲೇ ವಿವರಣೆಯಲ್ಲಿ ಇರುವುದನ್ನು ಕ್ಲೇಮಿಗೆ ತರಲು ಕಾಯ್ದೆ ಅವಕಾಶ ಕೊಡುತ್ತದೆ. ನಿಮ್ಮ ಒಂದು ಸಾಲಿನಿಂದ ಅರ್ಜಿ ಉಳಿಯುತ್ತದೆ. ಕ್ಲೇಮು ಕಿರಿದಾಗುತ್ತದೆ, ಬೇರೆ ವರ್ಕ್‌ಶಾಪಿನವರಿಗೂ ಜಾಗ ಉಳಿಯುತ್ತದೆ.

ಕೊನೆಯದಾಗಿ ಒಂದು ಬೇಡಿಕೆ, ಇದು ನಿಮ್ಮ ಕಾಯ್ದೆಯಲ್ಲೇ ಇದೆ. ಅಗತ್ಯ ಕಂಡರೆ ಕಂಟ್ರೋಲರ್ ಮಾದರಿಯನ್ನು ತರಿಸಿಕೊಳ್ಳಬಹುದು ಎಂದು ಸೆಕ್ಷನ್ 10(3) ಹೇಳುತ್ತದೆ. ಆ ಮಾದರಿ ವಿವರಣೆಯ ಭಾಗವಾಗುವುದಿಲ್ಲ, ನಿಮ್ಮ ತಿಳಿವಳಿಕೆಗೆ ಮಾತ್ರ. ಗೇರ್ ಬದಲಾವಣೆಯ ಅರ್ಜಿಗಳಲ್ಲಿ ಈ ಅಧಿಕಾರವನ್ನು ಬಳಸುವಂತೆ ನಿಮ್ಮ ವರದಿಯಲ್ಲಿ ಸೂಚಿಸಿ. ಮಾದರಿ ಕಳಿಸಲು ಆಗದವರಿಗೆ ವಿಡಿಯೋ ವಿಚಾರಣೆಯಲ್ಲಿ ಅರ್ಧ ಕೊಯ್ದ ಬಾಕ್ಸನ್ನು ಕ್ಯಾಮೆರಾದ ಮುಂದೆ ಇಟ್ಟು, ಲಿವರನ್ನು ನಿಧಾನವಾಗಿ ಒತ್ತಿ ತೋರಿಸಲು ಸಮಯ ಕೊಡಿ. ಕ್ಲಚ್ ಬಿಡುವ ಮೊದಲೇ ಒತ್ತಲು ಹೇಳಿ. ಕೇಬಲ್ ಸಡಿಲಿಸಿ ಮತ್ತೊಮ್ಮೆ ಒತ್ತಲು ಹೇಳಿ. ಡ್ರಮ್ ಆಗ ತಿರುಗಿದರೆ ನಿರಾಕರಣೆಗೆ ಬೇಕಾದ ಕಾರಣ ನಿಮಗೆ ಅಲ್ಲಿಯೇ ಸಿಗುತ್ತದೆ, ತಿರುಗದಿದ್ದರೆ ಏಕೆ ತಿರುಗಲಿಲ್ಲ ಎಂದು ಅರ್ಜಿದಾರನನ್ನು ಕೇಳಿ, ಅವನು ಕೊಟ್ಟ ಉತ್ತರವನ್ನು ಡಿ1, ಡಿ2, ಡಿ3ರ ಪಕ್ಕದಲ್ಲಿಟ್ಟು ವರದಿ ಬರೆಯಿರಿ.

ಗೌರವದಿಂದ,
ಮೈಸೂರಿನ ಒಬ್ಬ ಗೇರ್ ಬಾಕ್ಸ್ ಮೇಷ್ಟ್ರು